ಥರ್ಮಾಮೀಟರ್ ಬಿಡಿ, ಬಣವೆ ನೋಡಿ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂತು. ಮೊದಲ ಪುಟ ಪೂರ್ತಿ ನಮಗೆ ಬೈಗುಳ. ಅದೂ ನ್ಯಾಯವಾದ ಬೈಗುಳ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ಓದುಗರಿಗೆ ಹಿನ್ನೆಲೆ ಗೊತ್ತಿರಲಿ: ಕಳೆದ ಸಂಚಿಕೆಯಲ್ಲಿ ಸೈಬೀರಿಯಾದ ಯಾಕುಟ್ ಜನರ ಬಗ್ಗೆ ಎರಡು ಪುಟದ ಚಿತ್ರಲೇಖನ ಹಾಕಿದ್ದೆವು. ಒಂದು ಹಳೇ ಕಪ್ಪು ಬಿಳುಪು ಚಿತ್ರದ ಅಡಿಯಲ್ಲಿ 'ಯಾಕುಟರ ಇಗ್ಲೂ' ಅಂತ ಅಚ್ಚಾಗಿತ್ತು. ಇಗ್ಲೂ ಕಟ್ಟುವವರು ಕೆನಡಾ, ಗ್ರೀನ್‌ಲ್ಯಾಂಡ್ ಕಡೆಯ ಇನುಯಿಟ್ ಜನ, ಇವರೇ ಬೇರೆ, ಅವರೇ ಬೇರೆ, ಅಷ್ಟೂ ಗೊತ್ತಿಲ್ಲದೆ ಪತ್ರಿಕೆ ಮಾಡ್ತೀರಾ ಅಂತ ಕೇಳಿದ್ದೀರಿ. ಆ ಅಡಿಬರಹ ಬರೆದವನು ನಾನೇ. ರಾತ್ರಿ ಹತ್ತೂವರೆ, ಪುಟ ಪ್ರೆಸ್‌ಗೆ ಹೋಗಬೇಕು, ಚಿತ್ರದಲ್ಲಿ ಹಿಮ ಮೆತ್ತಿದ ಒಂದು ಗುಡ್ಡೆಯಂಥ ಮನೆ ಕಾಣಿಸಿತು, ಕೈ ತಾನಾಗಿಯೇ ಇಗ್ಲೂ ಅಂತ ಬರೆಯಿತು. ತಪ್ಪಾಯಿತು.

ಬೈದ ಮೇಲೆ ಮೂರು ಪ್ರಶ್ನೆ ಕೇಳಿದ್ದೀರಿ. ಮೈನಸ್ ಐವತ್ತರಲ್ಲಿ ಬದುಕುವ ಹಠ ಯಾಕೆ, ಬೆಚ್ಚಗಿರುವ ಕಡೆ ಹೋಗಬಾರದಾ? ಇನ್ನೊಂದು ಚಿತ್ರದ ಮೂಲೆಯಲ್ಲಿ ಹಸು ಕಂಡಿತಲ್ಲ, ಅದು ನಿಜವಾದ ಹಸುವಾ, ಆ ಹಿಮದಲ್ಲಿ ಅದು ತಿನ್ನೋದಾದರೂ ಏನು? ಹಸಿ ಮೀನು ತಿನ್ನುತ್ತಾರೆ ಅಂತ ಓದಿ ಮೊಮ್ಮಗಳು ಮುಖ ಸಿಂಡರಿಸಿದಳು, ಅದಕ್ಕೇನು ಹೇಳಲಿ?

ಮೇಷ್ಟ್ರೇ, ಎರಡನೇ ಪ್ರಶ್ನೆ ಎರಡು ಹಸು ಕಟ್ಟಿಕೊಂಡವರಿಗೆ ಮಾತ್ರ ಹೊಳೆಯುವಂಥದ್ದು. ನಮಗೆ ಹೊಳೆಯಲಿಲ್ಲ. ಆ ಜನರ ಬಗ್ಗೆ ಬರೆಯುವವರೆಲ್ಲ ಮೊದಲು ಥರ್ಮಾಮೀಟರ್ ತೋರಿಸುತ್ತಾರೆ. ಅಲ್ಲಿನ ಎರಡು ಊರುಗಳ ಲೆಕ್ಕ: ವೆರ್ಖೊಯಾನ್ಸ್ಕ್‌ನಲ್ಲಿ 1892ರಲ್ಲಿ ಮೈನಸ್ 67.8, ಒಯ್ಮ್ಯಾಕೋನ್‌ನಲ್ಲಿ 1933ರಲ್ಲಿ ಮೈನಸ್ 67.7. ನಾವೂ ಅದನ್ನೇ ದಪ್ಪಕ್ಷರದಲ್ಲಿ ಹಾಕಿದ್ದು. ಆದರೆ ಆ ಜನರ ಬದುಕು ಅರ್ಥವಾಗಬೇಕಾದರೆ ಹುಲ್ಲಿನಿಂದ ಶುರು ಮಾಡಬೇಕು.

ಅವರು ತಮ್ಮನ್ನು ಸಖಾ ಅಂತ ಕರೆದುಕೊಳ್ಳುತ್ತಾರೆ. ಯಾಕುಟ್ ಅನ್ನುವುದು ಹೊರಗಿನವರು ಇಟ್ಟ ಹೆಸರು. ಅವರ ನಾಡು ರಷ್ಯಾದ ಒಳಗಿನ ಸಖಾ ಗಣರಾಜ್ಯ. ಸುಮಾರು 31 ಲಕ್ಷ ಚದರ ಕಿಲೋಮೀಟರ್, ಅಂದರೆ ನಮ್ಮ ಇಡೀ ದೇಶಕ್ಕಿಂತ ಸ್ವಲ್ಪವೇ ಚಿಕ್ಕದು, ಜನ ಮಾತ್ರ ಎಲ್ಲಾ ಸೇರಿ ಹತ್ತು ಲಕ್ಷದ ಆಸುಪಾಸು. ಅವರಾಡುವುದು ತುರ್ಕಿ ಬಳಗದ ಭಾಷೆ. ಅವರ ಹಿರೀಕರು ದಕ್ಷಿಣದಲ್ಲಿ, ಬೈಕಲ್ ಸರೋವರದ ಕಡೆ, ಕುದುರೆ ದನ ಮೇಯಿಸಿಕೊಂಡಿದ್ದವರು. ನೂರಾರು ವರ್ಷಗಳ ಹಿಂದೆ ಲೇನಾ ನದಿ ಹಿಡಿದು ಉತ್ತರಕ್ಕೆ ಬಂದರು. ಬರುವಾಗ ಕುದುರೆ, ದನಗಳನ್ನೂ ಹೊಡೆದುಕೊಂಡೇ ಬಂದರು. ಸುತ್ತಮುತ್ತಲಿನ ಎವೆಂಕಿ, ಎವೆನ್ ಜನ ಹಿಮಸಾರಂಗ ಸಾಕುತ್ತಿದ್ದರು, ಅದು ಆ ನೆಲಕ್ಕೆ ಹೊಂದುವ ಪ್ರಾಣಿ. ಇವರು ಮಾತ್ರ ಹಾಲು ಮೊಸರು ಬಿಡಲಿಲ್ಲ. ಉತ್ತರಕ್ಕೆ ಹೋಗಿ ಸಾರಂಗ ಕಲಿತವರೂ ಇದ್ದಾರೆ, ಆದರೆ ಹೆಚ್ಚಿನವರು ದನಗಾಹಿಗಳಾಗಿಯೇ ಉಳಿದರು.

ಈಗ ಲೆಕ್ಕ ನೀವೇ ಹಾಕಿ. ವರ್ಷದಲ್ಲಿ ಹಸುರು ಸಿಗುವುದು ಮೂರೂವರೆ, ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ದನಕ್ಕೆ ಒಣಹುಲ್ಲೇ ಗತಿ. ಜುಲೈ ಆಗಸ್ಟ್‌ನಲ್ಲಿ ಕೊಯ್ದು ಒಣಗಿಸಿ ಬಣವೆ ಹಾಕಿದ್ದು ಮುಂದಿನ ಮೇ ತನಕ ಬರಬೇಕು. ಆ ಎರಡು ತಿಂಗಳಲ್ಲಿ ಮಳೆ ಹಿಡಿದರೆ ಹುಲ್ಲು ಕೊಳೆಯುತ್ತದೆ, ಮಳೆ ಕೈಕೊಟ್ಟರೆ ಹುಲ್ಲೇ ಬೆಳೆಯುವುದಿಲ್ಲ.

ಇದು ಅವರ ತಿಂಗಳ ಹೆಸರಿನಲ್ಲೇ ಇದೆ. ಜುಲೈ ಅಂದರೆ 'ಒತ್ ಯ್ಯಾ', ಹುಲ್ಲಿನ ತಿಂಗಳು. ಆಗಸ್ಟ್ ಹುಲ್ಲು ಎತ್ತುವ ಕವೆಗೋಲಿನ ತಿಂಗಳು. ಮಾರ್ಚ್ ಅಂದರೆ ಕುದುರೆಮರಿ ಹಿಡಿಯುವ ತಿಂಗಳು, ಏಪ್ರಿಲ್ ನದಿಯ ಮಂಜುಗಡ್ಡೆ ತೇಲುವ ತಿಂಗಳು, ಜೂನ್ ಪೈನ್ ಮರದ ತಿಂಗಳು, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಸೆಪ್ಟೆಂಬರ್ ಚಳಿಗಾಲದ ಮನೆ ಸೇರುವ ತಿಂಗಳು. ಅಕ್ಟೋಬರ್ ಬಂತೋ, ಹೆಸರು ನಿಂತು ಬರೀ ಲೆಕ್ಕ ಶುರು: ಆರನೆಯದು, ಏಳನೆಯದು, ಎಂಟನೆಯದು, ಒಂಬತ್ತನೆಯದು, ಹತ್ತನೆಯದು. ಅಂದರೆ ಅವರ ವರ್ಷ ಮೇ ತಿಂಗಳಲ್ಲಿ ಹುಟ್ಟುತ್ತದೆ, ಫೆಬ್ರವರಿ ಹತ್ತನೆಯದು. ಬೇಸಿಗೆಯಲ್ಲಿ ತಿಂಗಳಿಗೊಂದು ಕೆಲಸ, ಚಳಿಗಾಲದಲ್ಲಿ ಬೆರಳು ಮಡಚಿ ಎಣಿಸುವುದು. ಇದನ್ನು ಓದಿದ ದಿನ ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ, ಯಾರೂ ನನ್ನಷ್ಟು ಖುಷಿಪಡಲಿಲ್ಲ.

ಆ ನೆಲದಲ್ಲಿ ಹುಲ್ಲು ಹೇಗೆ ಬೆಳೆಯುತ್ತದೆ ಅನ್ನುವುದೇ ಒಂದು ಕಥೆ. ರಾಜಧಾನಿ ಯಾಕುಟ್ಸ್ಕ್ ಸುತ್ತ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲಾ ಸೇರಿ ಸುಮಾರು 240 ಮಿಲಿಮೀಟರ್. ನಮ್ಮ ಚಳ್ಳಕೆರೆಯಲ್ಲೇ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಲೆಕ್ಕದ ಪ್ರಕಾರ ಅದು ಮರುಭೂಮಿ ಆಗಬೇಕಿತ್ತು. ಆಗದೇ ಇರುವುದಕ್ಕೆ ಕಾರಣ ಕೆಳಗಿನ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುವುದು. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಸಡಿಲವಾಗುತ್ತದೆ. ಬಿದ್ದ ನೀರು ಕೆಳಗೆ ಇಂಗಲು ಜಾಗವಿಲ್ಲ, ಬೇರಿನ ಹತ್ತಿರವೇ ನಿಲ್ಲುತ್ತದೆ. ಕೆಳಗೆ ಎಷ್ಟು ಆಳ ಹೆಪ್ಪುಗಟ್ಟಿದೆ ಅಂತೀರಾ? ಶೆರ್ಗಿನ್ ಅನ್ನುವ ವ್ಯಾಪಾರಿಯೊಬ್ಬ ಯಾಕುಟ್ಸ್ಕ್‌ನಲ್ಲಿ 1828ರಲ್ಲಿ ಬಾವಿ ತೋಡಿಸಲು ಹೊರಟ. ನೀರು ಬಂದೀತು, ಈಗ ಬಂದೀತು ಅಂತ 1837ರ ತನಕ ತೋಡಿಸಿದ. 116 ಮೀಟರ್ ಆಳಕ್ಕೆ ಹೋದರೂ ಮಂಜುಗಟ್ಟಿದ ಮಣ್ಣೇ. ಬಾವಿಗೆ ನೀರು ಬರಲಿಲ್ಲ, ವಿಜ್ಞಾನಿಗಳಿಗೆ ನೆಲದಾಳದ ಶಾಖ ಅಳೆಯಲು ಒಳ್ಳೆ ಗುಂಡಿ ಸಿಕ್ಕಿತು.

ಈ ಮಂಜುನೆಲ ಅಲ್ಲಲ್ಲಿ ಕರಗಿ ಕುಸಿದು ತಟ್ಟೆಯಂಥ ತಗ್ಗು ಆಗುತ್ತದೆ. ನಡುವೆ ಒಂದು ಕೆರೆ, ಕೆರೆಯ ಸುತ್ತ ಹುಲ್ಲುಗಾವಲು, ಅದರ ಸುತ್ತ ಲಾರ್ಚ್ ಮರಗಳ ಕಾಡು. ಇದಕ್ಕೆ ಅವರು 'ಅಲಾಸ್' ಅನ್ನುತ್ತಾರೆ. ಹಳೇ ಕಾಲದಲ್ಲಿ ಸಖಾ ಜನರ ಊರು ಅಂದರೆ ಇದೇ. ಒಂದು ಅಲಾಸ್, ಒಂದೆರಡು ಮನೆತನ. ಮುಂದಿನ ಮನೆ ಮುಂದಿನ ಅಲಾಸ್‌ನಲ್ಲಿ. ಒಟ್ಟೊಟ್ಟಿಗೆ ಮನೆ ಕಟ್ಟಿಕೊಂಡರೆ ಎಲ್ಲರ ದನಕ್ಕೂ ಹುಲ್ಲು ಸಾಲುವುದಿಲ್ಲವಲ್ಲ. ನಮ್ಮಲ್ಲಿ 'ಯಾವ ಊರಾಯ್ತು' ಅಂತ ಕೇಳಿದ ಹಾಗೆ, ಅವರಲ್ಲಿ ನಿಮ್ಮ ಅಜ್ಜನ ಅಲಾಸ್ ಯಾವುದು ಅನ್ನುವುದು ಇವತ್ತಿಗೂ ತೂಕದ ಪ್ರಶ್ನೆ.

ಈಗ ಆ 'ಇಗ್ಲೂ'. ಅದರ ನಿಜವಾದ ಹೆಸರು ಬಲಗಾನ್. ಮರದ ದಿಮ್ಮಿಗಳನ್ನು ಒಳಕ್ಕೆ ವಾಲಿಸಿ ಒತ್ತೊತ್ತಾಗಿ ನಿಲ್ಲಿಸಿದ ಗೋಡೆ, ಮೇಲೆ ಮಣ್ಣು ಹಾಕಿದ ಚಪ್ಪಟೆ ಮಾಡು. ಹೊರಗೋಡೆಗೆ ಸಗಣಿ ಮತ್ತು ಜೇಡಿಮಣ್ಣು ಕಲಸಿ ಮೆತ್ತುತ್ತಿದ್ದರು, ಪ್ರತಿ ವರ್ಷ ಚಳಿ ಹಿಡಿಯುವ ಮೊದಲು ಮತ್ತೆ ಮೆತ್ತುತ್ತಿದ್ದರು. ನೀವು ನಗುತ್ತಿರಬಹುದು, ಅಂಗಳ ಸಾರಿಸುವವರಿಗೆ ಸಗಣಿಯ ಗುಣ ಬೇರೆ ಹೇಳಬೇಕೇ. ಮನೆಗೆ ಅಂಟಿಕೊಂಡೇ ಕೊಟ್ಟಿಗೆ, ಅದಕ್ಕೆ 'ಖೋತೋನ್' ಅನ್ನುತ್ತಾರೆ. ದನದ ಮೈಶಾಖ ಮನೆಗೆ, ಮನೆಯ ಶಾಖ ದನಕ್ಕೆ. ವಾಸನೆ ಇತ್ತು, ರೋಗವೂ ಇತ್ತು, ಸೋವಿಯತ್ ಕಾಲದಲ್ಲಿ ಕೊಟ್ಟಿಗೆಯನ್ನು ಬೇರೆ ಮಾಡಿಸಿದರು, ಮಾಡಿಸಿದ್ದು ಒಳ್ಳೆಯದೇ. ನಡುಮನೆಯಲ್ಲಿ ಬಾಯಿ ತೆರೆದ ದೊಡ್ಡ ಒಲೆ, ಚಳಿಗಾಲದಲ್ಲಿ ಅದು ಆರುವ ಹಾಗಿರಲಿಲ್ಲ. ಊಟದ ಮೊದಲ ತುತ್ತು ಬೆಂಕಿಗೆ. ಬೆಂಕಿಯ ಒಡೆಯನಿಗೆ ಸಲ್ಲಿಸದೆ ಹೊಸ ಕೆಲಸ ಶುರು ಮಾಡುವುದಿಲ್ಲ. ಬ್ಯಾಪ್ಟಿಸಂ ಆಗಿ ಕ್ರೈಸ್ತರಾಗಿ ರಷ್ಯನ್ ಹೆಸರು ಇಟ್ಟುಕೊಂಡ ಮೇಲೂ ಈ ಪದ್ಧತಿ ನಿಲ್ಲಲಿಲ್ಲ.

ಆ ಮನೆಯ ಕಿಟಕಿ ನನಗೆ ತುಂಬಾ ಇಷ್ಟವಾಯಿತು. ಆ ಕಾಲದಲ್ಲಿ ಗಾಜು ಎಲ್ಲಿಂದ ತರೋದು? ಕೆರೆ ಹೆಪ್ಪುಗಟ್ಟಿದ ಮೇಲೆ, ಗುಳ್ಳೆ ಇಲ್ಲದ ತಿಳಿ ಮಂಜುಗಡ್ಡೆಯನ್ನು ಹಲಗೆಯ ಹಾಗೆ ಕತ್ತರಿಸಿ ತಂದು ಕಿಟಕಿಯ ಬಾಯಿಗೆ ಇಟ್ಟು, ಸುತ್ತಲಿನ ಸಂದಿಗೆ ನೀರಲ್ಲಿ ಕಲಸಿದ ಹಿಮ ಮೆತ್ತುವುದು. ಕ್ಷಣದಲ್ಲಿ ಅದು ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಒಳಗೆ ಒಲೆ ಉರಿಯುತ್ತಿದ್ದರೂ ಹೊರಗಿನ ಚಳಿ ಅದನ್ನು ಕರಗಲು ಬಿಡುವುದಿಲ್ಲ. ಒಳಮೈಗೆ ಕಟ್ಟುವ ಇಬ್ಬನಿಯನ್ನು ಕೆರೆದು ತೆಗೆದರೆ ಆಯಿತು, ಬೆಳಕು ಬರುತ್ತದೆ. ವಸಂತ ಬಂದಾಗ ಕಿಟಕಿ ತಾನೇ ಕರಗಿ ಹೋಗುತ್ತದೆ, ಅಷ್ಟು ಹೊತ್ತಿಗೆ ಬೇಸಿಗೆಯ ಬಿಡಾರಕ್ಕೆ ಹೊರಡುವ ಕಾಲವೂ ಬಂದಿರುತ್ತದೆ. ಆಗಿನ ಬೇಸಿಗೆಯ ಮನೆ 'ಉರಾಸಾ', ಬರ್ಚ್ ಮರದ ತೊಗಟೆಯನ್ನು ಹೊಲಿದು ಹೊದಿಸಿದ ಎತ್ತರದ ಗೋಪುರದಂಥ ಡೇರೆ.

ಹೀಗೆ ನೋಡುತ್ತಾ ಹೋದರೆ ಚಳಿ ಅವರಿಗೆ ಮನೆಯಾಳಿನ ಹಾಗೆ. ಹಳ್ಳಿಗಳಲ್ಲಿ ಕುಡಿಯುವ ನೀರೂ ಹಾಗೇ. ಶರತ್ಕಾಲದ ಕೊನೆಗೆ ಕೆರೆಯ ಮಂಜುಗಡ್ಡೆಯನ್ನು ಗರಗಸದಲ್ಲಿ ಕೊಯ್ದು ಮನೆ ಮುಂದೆ ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಿಡುತ್ತಾರೆ, ಬೇಕಾದಾಗ ಒಂದು ತುಂಡು ಒಳಗೆ ತಂದು ಕರಗಿಸುವುದು. ಬೇಸಿಗೆಗೆ ಅಂತ ನೆಲದಡಿಯ ಕೋಣೆ ಇದೆ, ಅದನ್ನು 'ಬುಲೂಸ್' ಅನ್ನುತ್ತಾರೆ. ಜುಲೈನಲ್ಲಿ ಮೇಲೆ ಮೂವತ್ತು ಡಿಗ್ರಿ ಬಿಸಿಲಿದ್ದರೂ ಕೆಳಗೆ ಮಾಂಸ ಕಲ್ಲಿನ ಹಾಗಿರುತ್ತದೆ, ಕರೆಂಟ್ ಬಿಲ್ ಇಲ್ಲ. ಯಾಕುಟ್ಸ್ಕ್ ಹತ್ತಿರ ಲೇನಾ ನದಿಯೇ ಚಳಿಗಾಲದಲ್ಲಿ ರಸ್ತೆ, ಲಾರಿಗಳು ಅದರ ಮೇಲೇ ಓಡಾಡುತ್ತವೆ. ನಿಜವಾದ ಕಷ್ಟ ನದಿ ಗಟ್ಟಿಯೂ ಇಲ್ಲದ, ನೀರೂ ಅಲ್ಲದ ವಾರಗಳಲ್ಲಿ.

ಹಸಿ ಮೀನಿನ ವಿಷಯ. ಮೊಮ್ಮಗಳಿಗೆ ಹೀಗೆ ಹೇಳಿ: ಬಲೆಯಿಂದ ತೆಗೆದ ಕೂಡಲೇ ಹೆಪ್ಪುಗಟ್ಟಿದ ಮೀನನ್ನು ತಲೆ ಕೆಳಗೆ ಮಾಡಿ ನಿಲ್ಲಿಸಿ, ಹರಿತವಾದ ಚಾಕುವಿನಿಂದ ಬಡಗಿ ಉಜ್ಜುಗೊರಡು ಹೊಡೆದ ಹಾಗೆ ತೆಳ್ಳಗೆ ಸುರುಳಿ ಸುರುಳಿಯಾಗಿ ತೆಗೆಯುತ್ತಾರೆ. ಉಪ್ಪು ಮೆಣಸಿನ ಪುಡಿಯಲ್ಲಿ ಅದ್ದಿ, ಕರಗುವ ಮೊದಲೇ ಬಾಯಿಗೆ. ಹಸಿ ಅನ್ನುವುದಕ್ಕಿಂತ ಐಸ್ ಅಂದುಕೊಂಡರೆ ಮುಖ ಅಷ್ಟು ಸಿಂಡರಿಸಲಾರಳು. ಆ ಚಾಕುವೂ ವಿಶೇಷವಾದದ್ದು, ಅಲಗಿನ ಒಂದೇ ಮಗ್ಗುಲಲ್ಲಿ ಉದ್ದಕ್ಕೆ ಹಳ್ಳ, ಇನ್ನೊಂದು ಮಗ್ಗುಲು ಉಬ್ಬು, ಹಿಡಿ ಬರ್ಚ್ ಗಂಟಿನದು. ಕಮ್ಮಾರರಿಗೆ ಅಲ್ಲಿ ಭಾರೀ ಮರ್ಯಾದೆ. ಕಮ್ಮಾರನೂ ಶಾಮನನೂ ಒಂದೇ ಗೂಡಿನ ಹಕ್ಕಿಗಳು ಅಂತ ಅವರದೇ ಗಾದೆ. ಶಾಮನ ಅಂದರೆ ನಮ್ಮ ಕಡೆ ದೇವರು ಮೈಮೇಲೆ ಬರುವವರು ಇರುತ್ತಾರಲ್ಲ, ಸ್ವಲ್ಪ ಆ ರೀತಿ, ಜೊತೆಗೆ ವೈದ್ಯನೂ ಹೌದು.

ಆದರೆ ಅವರ ಅಡುಗೆಮನೆಯ ಬೆನ್ನೆಲುಬು ಮೀನೂ ಅಲ್ಲ, ಹಾಲು. ಹೆಪ್ಪು ಹಾಕಿದ ಮೊಸರು ಇದೆ, ಹೆಸರು ಸುವೋರಾತ್. ಕೆನೆಗೆ ಕಾಡಿನ ಹಣ್ಣು ಹಾಕಿ ನೊರೆ ಬರುವ ತನಕ ಕಡೆದ ಕ್ಯುರ್ಚೆಖ್ ಇದೆ. ಕಡೆಯುವುದು ಎರಡು ಅಂಗೈಗಳ ನಡುವೆ ತಿರುಗಿಸುವ ಮರದ ಕಡೆಗೋಲಿನಿಂದ, ಚಿತ್ರ ನೋಡಿದರೆ ನಮ್ಮನೆಯದೇ ಅನ್ನಬೇಕು. ಹಿಂದೆ ಬಡವರಿಗೆ 'ತಾರ್'. ಬೇಸಿಗೆಯಿಡೀ ಉಳಿದ ಹುಳಿಮಜ್ಜಿಗೆಯನ್ನು ತೊಟ್ಟಿಗೆ ಸುರಿಯುತ್ತಾ ಹೋಗುವುದು, ಹಣ್ಣು, ಗೆಡ್ಡೆ, ಪೈನ್ ಮರದ ಒಳತೊಗಟೆ ಹಾಕುವುದು, ಚಳಿಗೆ ಅದು ಬಂಡೆಯಾಗುತ್ತದೆ, ಆಮೇಲೆ ಕೊಡಲಿಯಲ್ಲಿ ಕಡಿದು ತಂದು ಅಂಬಲಿಗೆ ಹಾಕುವುದು. ಜೂನ್ ಯಾಕೆ ಪೈನ್ ತಿಂಗಳು ಅಂತ ಈಗ ಗೊತ್ತಾಯ್ತಲ್ಲ, ಆ ಒಳತೊಗಟೆ ಸುಲಿಯುವ ಕಾಲ ಅದು. ದವಸ ಬೆಳೆಯದಿದ್ದ ಕಾಲದಲ್ಲಿ ಮರವೇ ಹಿಟ್ಟು.

ಮೀನು ಹಿಡಿಯುವ 'ಮುಂಖಾ' ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೆರೆ ಜನರ ಭಾರ ತಡೆಯುವಷ್ಟು ಗಟ್ಟಿಯಾದ ಕೂಡಲೇ ಸುತ್ತಲಿನವರೆಲ್ಲ ಸೇರುತ್ತಾರೆ. ಸಾಲಾಗಿ ತೂತು ಕೊರೆದು, ಉದ್ದನೆಯ ಗಳುವಿನಿಂದ ದೊಡ್ಡ ಬಲೆಯನ್ನು ಮಂಜಿನ ಕೆಳಗೆ ಒಂದು ತೂತಿನಿಂದ ಮುಂದಿನದಕ್ಕೆ ದಾಟಿಸುತ್ತಾ ಕೆರೆಯ ಇನ್ನೊಂದು ದಡಕ್ಕೆ ಒಯ್ಯುತ್ತಾರೆ. ಕಡೇ ತೂತಿನಲ್ಲಿ ಎಳೆದಾಗ ಸೋಬೊ ಅನ್ನುವ ಕೆರೆಮೀನು ಥಳಥಳ ಅಂತ ಮಂಜಿನ ಮೇಲೆ ಬೀಳುತ್ತದೆ, ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಪಾಲು ಎಲ್ಲರಿಗೂ. ಬರಲಾಗದ ಮುದುಕರ ಪಾಲು ಅವರ ಮನೆಗೆ ಹೋಗುತ್ತದೆ.

ನಿಮ್ಮ ಹಸುವಿಗೆ ಬರೋಣ. ಅದು ನಿಜವಾದ ಹಸುವೇ. ಹೆಗಲಿನ ಎತ್ತರ ಸುಮಾರು 110 ಸೆಂಟಿಮೀಟರ್, ಮಲೆನಾಡು ಗಿಡ್ಡಕ್ಕಿಂತ ಗೇಣುದ್ದ ಹೆಚ್ಚು ಇದ್ದೀತು. ಕಾಲು ಗಿಡ್ಡ, ಮೈತುಂಬಾ ದಟ್ಟ ಕೂದಲು, ಕೆಚ್ಚಲಿನ ಮೇಲೂ ಕೂದಲು. ಹಾಲು ಕಮ್ಮಿ, ಆದರೆ ಗಟ್ಟಿ. ಸೋವಿಯತ್ ಕಾಲದಲ್ಲಿ ಹಾಲು ಜಾಸ್ತಿ ಬರಲಿ ಅಂತ ಹೊರಗಿನ ಸಿಮ್ಮೆಂಟಲ್, ಖೊಲ್ಮೊಗೊರಿ ತಳಿ ತಂದು ಬೆರೆಸಿದರು. ಬೆರಕೆ ಹಸು ಹಾಲು ಕೊಟ್ಟಿತು, ಜೊತೆಗೆ ಬೆಚ್ಚನೆಯ ಕೊಟ್ಟಿಗೆ, ಜಾಸ್ತಿ ಹುಲ್ಲು, ಡಾಕ್ಟರು ಎಲ್ಲ ಕೇಳಿತು. ಈ ಕಥೆ ನಿಮಗೆ ಗೊತ್ತಿರುವುದೇ, ನಿಮ್ಮ ಕೊಟ್ಟಿಗೆಯಲ್ಲಿರುವ ಎಚ್‌ಎಫ್ ಕ್ರಾಸ್ ಬಗ್ಗೆ ನೀವು ಬರೆದಿದ್ದೀರಲ್ಲ. ಅಪ್ಪಟ ತಳಿ ಹೆಚ್ಚುಕಡಿಮೆ ಅಳಿದೇ ಹೋಗುತ್ತಿತ್ತು. ವೆರ್ಖೊಯಾನ್ಸ್ಕ್ ಬೆಟ್ಟಗಳಾಚೆಯ ಎವೆನೊ-ಬಿತಂತಾಯ್ ಅನ್ನುವ ದೂರದ ಸೀಮೆಯಲ್ಲಿ ಉಳಿದುಕೊಂಡಿತು. ಒಯ್ಮ್ಯಾಕೋನ್ ಕಡೆ ಹಸುವನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ಕೆಚ್ಚಲು ಮರಗಟ್ಟದಿರಲಿ ಅಂತ ತುಪ್ಪಳದ ಚೀಲ ಕಟ್ಟುತ್ತಾರೆ. ಚಿತ್ರದಲ್ಲಿ ನಿಮಗೆ 'ಹೊಟ್ಟೆಗೆ ಏನೋ ಬಟ್ಟೆ ಕಟ್ಟಿದಂತೆ' ಕಂಡದ್ದು ಅದೇ.

ಕುದುರೆಯದು ಬೇರೆಯೇ ದಾರಿ. ಅದಕ್ಕೆ ಕೊಟ್ಟಿಗೆಯೂ ಬೇಡ. ಬೆರಳುದ್ದದ ಕೂದಲು ಬೆಳೆಸಿಕೊಂಡು ಮೈನಸ್ ಐವತ್ತರಲ್ಲೂ ಬಯಲಲ್ಲೇ ನಿಂತು, ಗೊರಸಿನಿಂದ ಹಿಮ ಕೆದಕಿ ಅಡಿಯ ಹುಲ್ಲು ಮೇಯುತ್ತದೆ. ಹಾಗಾಗಿ ದೇವರ ಸ್ಥಾನ ಕುದುರೆಗೆ. ಅದರ ಹಾಲನ್ನು ಹುಳಿ ಬರಿಸಿದ್ದು ಕುಮಿಸ್, ಲಘುವಾಗಿ ಅಮಲೇರುವ ಬಿಳಿ ಪಾನೀಯ. ಮನೆ ಮುಂದೆ ಕುದುರೆ ಕಟ್ಟುವ ಕೆತ್ತನೆಯ ಕಂಬ, 'ಸೆರ್ಗೆ'. ಮದುವೆಯಲ್ಲಿ ಹೊಸ ಕಂಬ ನೆಡುತ್ತಾರೆ. ಅದನ್ನು ಯಾರೂ ಕೀಳುವುದಿಲ್ಲ, ಹಳತಾಗಿ ತಾನೇ ಬೀಳಬೇಕು. ಕುದುರೆ ಮಾಂಸವನ್ನೂ ತಿನ್ನುತ್ತಾರೆ, ಪೂಜೆ ಒಂದು ಕಡೆ, ಊಟ ಒಂದು ಕಡೆ, ಅವರಿಗೆ ಅದರಲ್ಲಿ ಗೊಂದಲವಿಲ್ಲ.

ಜೂನ್ 21ರ ಸುತ್ತಮುತ್ತ ವರ್ಷದ ದೊಡ್ಡ ಹಬ್ಬ, ಇಸಿಯಾಖ್. ಆ ಹೆಸರಿನ ಅರ್ಥವೇ ಚಿಮುಕಿಸುವುದು. ಹಿರಿಯನೊಬ್ಬ ಹರಕೆ ನುಡಿಯುತ್ತಾ ಬೆಂಕಿಗೆ, ನೆಲಕ್ಕೆ, ಹುಲ್ಲಿಗೆ ಕುಮಿಸ್ ಚಿಮುಕಿಸುತ್ತಾನೆ. ಕುಮಿಸ್ ತುಂಬಿದ 'ಚೊರೋನ್' ಅನ್ನುವ ಮರದ ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ, ಅದರ ಮೂರು ಕಾಲುಗಳು ಕುದುರೆಯ ಗೊರಸಿನ ಆಕಾರ. ಆಮೇಲೆ ಒಸುಓಖಾಯ್. ಎಲ್ಲರೂ ಕೈ ಕೈ ಹಿಡಿದು ಸೂರ್ಯ ಸುತ್ತುವ ದಿಕ್ಕಿನಲ್ಲಿ ದುಂಡಗೆ ಹೆಜ್ಜೆ ಹಾಕುತ್ತಾರೆ, ಮುಂದಾಳು ಅಲ್ಲೇ ಕಟ್ಟಿ ಒಂದು ಸಾಲು ಹಾಡುತ್ತಾನೆ, ಸುತ್ತಿನವರೆಲ್ಲ ಅದನ್ನು ತಿರುಗಿ ಹೇಳುತ್ತಾರೆ. ಆಗ ರಾತ್ರಿ ಅನ್ನುವುದೇ ಸರಿಯಾಗಿ ಆಗುವುದಿಲ್ಲ, ಬೆಳಗಿನ ಸೂರ್ಯ ಏಳುವಾಗ ಸಾವಿರಾರು ಜನ ಅಂಗೈ ಚಾಚಿ ನಿಲ್ಲುತ್ತಾರೆ. ಅದಾದ ಕೂಡಲೇ ಹುಲ್ಲು ಕೊಯ್ಲಿಗೆ ಹೊರಡಬೇಕು.

ಚಳಿಗಾಲದ ರಾತ್ರಿಗಳಿಗೆ ಒಲೊಂಖೋ, ಅಂದರೆ ಹಾಡಿ ಹೇಳುವ ವೀರಗಾಥೆ. ಒಬ್ಬನೇ ಹಾಡುಗಾರ, ವಾದ್ಯ ಇಲ್ಲ, ಮೇಳ ಇಲ್ಲ. ಕಥೆಯ ಭಾಗವನ್ನು ಉಸಿರು ಬಿಗಿಹಿಡಿದು ಓಡಿಸುತ್ತಾನೆ, ಪಾತ್ರಗಳ ಮಾತು ಬಂದಾಗ ಹಾಡುತ್ತಾನೆ, ವೀರನಿಗೊಂದು ಕಂಠ, ರಾಕ್ಷಸನಿಗೊಂದು, ಕುದುರೆಗೊಂದು. ರಾತ್ರಿ ಶುರುವಾದರೆ ಬೆಳಗಿನವರೆಗೆ, ಕೆಲವೊಮ್ಮೆ ಹಲವು ರಾತ್ರಿ. ಮೇಲಿನ ಲೋಕ, ನಡುವಿನ ಲೋಕ, ಕೆಳಗಿನ ಲೋಕ, ಮೂರನ್ನೂ ಹಿಡಿದು ನಿಂತ ಒಂದು ಮಹಾವೃಕ್ಷ. ಯುನೆಸ್ಕೋ 2005ರಲ್ಲೇ ಇದನ್ನು ಮಾನವಕುಲದ ಅಮೂಲ್ಯ ಪರಂಪರೆ ಅಂತ ಸಾರಿತು. ಪ್ಲಾತೊನ್ ಒಯುನ್ಸ್ಕಿ ಅನ್ನುವ ಕವಿ 'ನ್ಯುರ್ಗುನ್ ಬೊಓತುರ್' ಎಂಬ ವೀರನ ಕಥೆಯನ್ನು 36,000ಕ್ಕೂ ಹೆಚ್ಚು ಸಾಲುಗಳಲ್ಲಿ ಬರೆದಿಟ್ಟ. ಸೋವಿಯತ್ ಯಾಕುಟಿಯಾ ಕಟ್ಟಿದವರಲ್ಲಿ ಅವನೂ ಒಬ್ಬ. 1938ರಲ್ಲಿ ಅದೇ ಸರ್ಕಾರ ಅವನನ್ನು ಬಂಧಿಸಿತು, ಮರುವರ್ಷ ಸೆರೆಯಲ್ಲೇ ಸತ್ತ. ಕಾವ್ಯ ಉಳಿಯಿತು.

ನಿಮ್ಮ ಮೊಮ್ಮಗಳು ಸಂಗೀತ ಕಲಿಯುತ್ತಿದ್ದಾಳೆ ಅಂದಿರಿ. ಅವಳಿಗೆ ಮೋರ್ಸಿಂಗ್ ಗೊತ್ತಿರಬೇಕು, ಕಛೇರಿಯಲ್ಲಿ ಮೃದಂಗದ ಪಕ್ಕ ಕೂತು ಬಾಯಲ್ಲಿಟ್ಟು ನುಡಿಸುತ್ತಾರಲ್ಲ, ಅದು. ಸಖಾ ಜನರ ಮುಖ್ಯ ವಾದ್ಯ 'ಖೋಮುಸ್' ಅದರ ಒಡಹುಟ್ಟು. ಕಬ್ಬಿಣದ ಚೌಕಟ್ಟು, ನಡುವೆ ಉಕ್ಕಿನ ನಾಲಗೆ, ಹಲ್ಲಿಗೆ ಹಿಡಿದು ಬೆರಳಿನಿಂದ ಮೀಟುವುದು. ನಮ್ಮಲ್ಲಿ ಅದು ತಾಳದ ಲೆಕ್ಕಾಚಾರಕ್ಕೆ ದುಡಿದರೆ, ಅವರಲ್ಲಿ ಗಾಳಿ, ಕೋಗಿಲೆ, ಓಡುವ ಕುದುರೆ, ತೊಟ್ಟಿಕ್ಕುವ ನೀರು ಎಲ್ಲವೂ ಅದರಲ್ಲೇ. ಯಾಕುಟ್ಸ್ಕ್‌ನಲ್ಲಿ ಅದಕ್ಕೆಂದೇ ಒಂದು ಮ್ಯೂಸಿಯಂ ಇದೆ. ನಾನೂ ಒಮ್ಮೆ ಗೆಳೆಯರೊಬ್ಬರ ಮೋರ್ಸಿಂಗ್ ತೆಗೆದುಕೊಂಡು ಪ್ರಯತ್ನಿಸಿದೆ. ನಾಲಗೆ ಹಲ್ಲಿಗೆ ಬಡಿದು ಎರಡು ದಿನ ಬಿಸಿ ಕಾಫಿ ಕುಡಿಯಲಾಗಲಿಲ್ಲ, ಅವಳಿಗೆ ಹುಷಾರು ಅಂತ ಹೇಳಿ.

ಇನ್ನು ಮೊದಲ ಪ್ರಶ್ನೆ, ಬೆಚ್ಚಗಿರುವ ಕಡೆ ಯಾಕೆ ಹೋಗಬಾರದು. ಸುಮ್ನೆ ಯೋಚನೆ ಮಾಡಿ ಮೇಷ್ಟ್ರೇ, ಕೆಳಗೆ ಮಂಜು ಇದ್ದದ್ದರಿಂದ ಮೇಲೆ ಹುಲ್ಲು, ಹುಲ್ಲಿನಿಂದ ದನ, ದನದಿಂದ ಮನೆ. ಆ ಚಳಿಯನ್ನು ತೆಗೆದುಬಿಟ್ಟರೆ ಅವರಿಗೆ ಉಳಿಯುವುದೇನು? ಇದು ನನ್ನ ಕಲ್ಪನೆಯಲ್ಲ, ಈಗ ಆಗುತ್ತಿರುವುದೇ ಅದು. 2020ರ ಜೂನ್‌ನಲ್ಲಿ ಅದೇ ವೆರ್ಖೊಯಾನ್ಸ್ಕ್‌ನಲ್ಲಿ 38 ಡಿಗ್ರಿ ಬಿಸಿಲು ದಾಖಲಾಯಿತು. 2021ರಲ್ಲಿ ಕಾಡ್ಗಿಚ್ಚು ಲಕ್ಷಾಂತರ ಹೆಕ್ಟೇರ್ ಸುಟ್ಟಿತು, ಹೊಗೆ ಉತ್ತರ ಧ್ರುವದ ತನಕ ಹೋಯಿತು. ನೆಲದೊಳಗಿನ ಮಂಜು ಕರಗಿ ಹುಲ್ಲುಗಾವಲು ಉಬ್ಬುತಗ್ಗಾಗುತ್ತಿದೆ, ಕೊಯ್ಲಿನ ಯಂತ್ರ ಓಡಿಸಲಾಗದಷ್ಟು. ಕೆಲವು ಹಳ್ಳಿಗಳಲ್ಲಿ ಮನೆಯ ಅಡಿಪಾಯವೇ ವಾಲುತ್ತಿದೆ, ಬುಲೂಸ್‌ಗಳಲ್ಲಿ ನೀರು ನಿಲ್ಲುತ್ತಿದೆ. ಹುಡುಗರು ಯಾಕುಟ್ಸ್ಕ್ ಸೇರುತ್ತಿದ್ದಾರೆ, ದನ ಕಟ್ಟುವವರು ಕಮ್ಮಿಯಾಗುತ್ತಿದ್ದಾರೆ. ಚಳಿ ಅಂತ ಊರು ಬಿಟ್ಟವರಿಗಿಂತ ದುಡಿಮೆಗೆ, ಓದಿಗೆ ಅಂತ ಬಿಟ್ಟವರೇ ಜಾಸ್ತಿ. ಅದು ನಮಗೆ ಹೊಸ ವಿಷಯವೇನಲ್ಲ.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಅದೇ ಚಿತ್ರದ ಜೊತೆ ಬರುತ್ತದೆ. ಈ ಸಲ ಭೂತಗನ್ನಡಿ ಹಿಡಿದು ನೋಡಿ ಬರೆದಿದ್ದೇನೆ: 'ಸಖಾ ಜನರ ಬಲಗಾನ್ ಮನೆ. ಎಡಕ್ಕೆ ಅಂಟಿಕೊಂಡಿರುವುದು ಕೊಟ್ಟಿಗೆ.' ಹಿಂದೆ ಬೇಲಿಯೊಳಗೆ ಹಿಮ ಹೊದ್ದು ನಿಂತ ದಿಬ್ಬವನ್ನು ನಾನು ಗುಡ್ಡ ಅಂದುಕೊಂಡಿದ್ದೆ. ಅದು ಹುಲ್ಲಿನ ಬಣವೆ. ಅದನ್ನೂ ಸೇರಿಸಿದ್ದೇನೆ.

ಇಂತಿ,
ಸಂಪಾದಕ